ಮಾಗಿದ ಕಿವಿ

ಸ್ವಾತಿ ಮಳೆ ಹಿಡಿದು ಎರಡು ದಿನವಾಗಿತ್ತು. ಮಧ್ಯಾಹ್ನ ಹೋದ ಕರೆಂಟು ದೀಪ ಹಚ್ಚುವ ಹೊತ್ತಾದರೂ ಬಂದಿರಲಿಲ್ಲ. ಕೊಳ್ಳೇಗಾಲಕ್ಕೆ ಹೋಗುವ ಬಸ್ಸು ಇನ್ನು ಬರುವುದಿಲ್ಲವೆಂದು ಗೊತ್ತಾದ ಮೇಲೆ ನಾನು ಅಕ್ಕನ ಮನೆಯಲ್ಲೇ ಉಳಿದೆ. ಅಕ್ಕ ರಾಣಿಯನ್ನು ಕೊಟ್ಟಿರುವುದು ಯಳಂದೂರಿನ ಬಯಲಿನಲ್ಲಿರುವ ಈ ಊರಿಗೆ. ಅವರದು ಊರಿನ ಕೊನೆಯ ಮನೆ. ಹಿತ್ತಲಿನಾಚೆ ಕಾಲುವೆ, ಕಾಲುವೆಯ ತಲೆಗೆ ಕೆರೆ ಏರಿ. ತೂಬೆತ್ತಿ ಗದ್ದೆಗಳಿಗೆ ಕೆರೆ ನೀರು ಬಿಡುವ ನೀರುಗಂಟಿ ಕೆಲಸ ಆ ಮನೆಗೆ ತಲೆಮಾರುಗಳಿಂದ ಬಂದದ್ದು.

ಅಲ್ಲಿ ಯಾರೂ ಸುಮ್ಮನೆ ಮಾತಾಡುವುದಿಲ್ಲ ಎಂಬ ಕಾರಣಕ್ಕೇ ನನಗೆ ಆ ಮನೆ ಇಷ್ಟ. ಆ ಸಂಜೆ ಮಾತ್ರ ಕಿವಿಗೆ ಬಿಡುವಿರಲಿಲ್ಲ. ಹೆಂಚಿನ ಮೇಲೆ ಮಳೆ, ಸೂರಿನ ಕೆಳಗಿಟ್ಟ ದಪ್ಪಲೆಗೆ ಬೀಳುವ ನೀರು, ಅದರ ನಡುವೆ ಹಿತ್ತಲ ಕಡೆಯಿಂದ ಒಂದು ಜೀರುಂಡೆ... ಬಿಟ್ಟು ಬಿಟ್ಟು, ಸೂಜಿಯಲ್ಲಿ ಚುಚ್ಚಿದ ಹಾಗೆ.

ಭಾವ ಶಾಂತರಾಜು ರೈನ್‌ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದ. ಕೆರೆ ಕೋಡಿಯ ಮಟ್ಟಕ್ಕೆ ಬಂದಿದೆ, ಈಗಲೇ ತೂಬೆತ್ತಿ ನೀರು ಬಿಡದಿದ್ದರೆ ಏರಿ ಒಡೆದು ಕೆಳಗಿನ ಬೀದಿಗೆ ನುಗ್ಗುತ್ತದೆ ಎಂದು ಪಂಚಾಯ್ತಿಯಿಂದ ಫೋನು ಬಂದಿತ್ತು. ಅವನ ತಾತ ಮಾದಸ್ವಾಮಿ ಹೋದ ವರ್ಷ ತೀರಿಕೊಂಡ ಮೇಲೆ ಕೆಲಸ ಅವನ ಪಾಲಿಗೆ ಬಂದಿತ್ತು. ಕೆರೆಗೆ ನೀರು ಬಂದದ್ದು ಈಗ, ಹಾಗಾಗಿ ಅವನು ತೂಬೆತ್ತಲು ಹೊರಟದ್ದು ಇದೇ ಮೊದಲು.

ಬಾಗಿಲಿಗೆ ಅಡ್ಡವಾಗಿ ಕಾಲು ಚಾಚಿ ಅವನ ಅಜ್ಜಿ ಚಿಕ್ಕಬಸಮ್ಮ ಕುಳಿತಿದ್ದರು.

“ಕಾಲ್ ತಗಿ ಅಜ್ಜಿ. ದಾಟ್ಕಂಡೋದ್ರೆ ನೀನೇ ಬಯ್ತೀಯ.”

“ದಾಟುದ್ರೆ ಮುರೀತೀನಿ. ಕುಂತ್ಕಳ್ಲಾ. ನಿನ್ ಕಿವಿ ಇನ್ನೂ ಕಾಯಿ.”

ಭಾವ ನನ್ನತ್ತ ತಿರುಗಿ ನಕ್ಕ. “ಕೇಳುಸ್ತೇನ್ಲಾ ಭಾಮೈದ? ಕಿವೀಲೂ ಕಾಯಿ ಹಣ್ಣು ಅಂತ ಅದೆ ಇವಳ್ಗೆ. ಮಾವಿನಕಾಯಿ ಅಮುಕ್ದಂಗೆ ಅಮುಕಿ ನೋಡ್ತಾಳೆ. ಇಯರ್‌ಫೋನ್ ತುರುಕ್ಕಂಡು ಓಯ್ತೀನಿ ಬುಡಜ್ಜಿ.”

“ಈಗ ಜೀರುಂಡೆ ಕೂಗ್ತದೇನ್ಲಾ?”

“ಕೂಗ್ತಾನೇ ಅದೆ.”

ಅಜ್ಜಿ ಹಿತ್ತಲ ಬಾಗಿಲ ಕಡೆ ಒಮ್ಮೆ ನೋಡಿದರು. ಅವರ ಮುಖದಲ್ಲಿ ತಮಾಷೆ ಇರಲಿಲ್ಲ. “ರಾಣಿ, ನೀನೂ ಬಾವ್ವ. ನಿನ್ನೆದುರ್ಗೆ ಇದ ಏಳ್ಬಾರ್ದು ಅಂತ ಒಂದ್ ವರ್ಸ ಬಾಯ್ ಕಟ್ಕಂಡಿದ್ದೆ. ಇವತ್ತು ಏಳ್ದಿದ್ರೆ ನಿನ್ ಗಂಡ ಉಳಿಯಲ್ಲ. ಕುಂತ್ಕಳಿ ಮೂವರೂವೆ.”

ಸೀಮೆಎಣ್ಣೆ ಬುಡ್ಡಿಯ ಸುತ್ತ ನಾವು ಮೂವರು ಕುಳಿತೆವು. ಭಾವ ರೈನ್‌ಕೋಟು ಬಿಚ್ಚಲಿಲ್ಲ.

“ನೋಡ್ರಪ್ಪ, ನೀವ್ ಮಾತಾಡಾದು ನಂಗ್ ಕೇಳ್ತದೆ, ಗುಡುಗು ಕೇಳ್ತದೆ, ಅಸ ಅಂಬಾ ಅನ್ನಾದು ಕೇಳ್ತದೆ. ಆದ್ರೆ ಸಣ್ಣ ಸಬ್ದಗಳು ಒಂದೊಂದೇ ಬುಟ್ಟೋದ್ವು... ಮೊದ್ಲು ಬಾವ್ಲಿ ಕೂಗು ಓಯ್ತು, ಆಮೇಕೆ ಕಿವಿತಾವು ಸೊಳ್ಳೆ, ಆಮೇಕೆ ಐಕ್ಳ ಕಾಲ್ಗೆಜ್ಜೆ, ಕಡೇಗೆ ಜೀರುಂಡೆ. ಯಾವತ್ತು ಓಯ್ತು ಅಂತ ಗೊತ್ತಾಗಲ್ಲ ಕಣ್ಲಾ. ಓದ್ಮೇಲೆ ಒಂದಿನ ಯಾರೋ ಏಳ್ತಾರೆ, ಅಯ್ಯೋ ಇಷ್ಟ್ ಜೋರಾಗ್ ಕೂಗ್ತದಲ್ಲ ಅಂತ. ಡಾಕ್ಟ್ರು ಇದ ಕಾಯ್ಲೆ ಅಂತಾರೆ. ನಮ್ಮೂರಲ್ಲಿ ಕಿವಿ ಮಾಗಾದು ಅಂತೀವಿ. ತೂಬೆತ್ತೋನ ಕಿವಿ ಮಾಗಿರ್ಬೇಕು. ಸಂದೆ ವೊತ್ನಲ್ಲಿ ಬೇಲಿತಾವು ನಿಲ್ಸಿ ಕೇಳಾರು, ಜೀರುಂಡೆ ಕೂಗ್ತದಾ ಅಂತ. ಕೂಗ್ತದೆ ಅಂದೋನ ಮನೇಗ್ ಕಳುಸ್ತಿದ್ರು. ಎಲ್ ಕೂಗ್ತದೆ ಅಂದೋನ ಕೈಗೆ ನೀರುಗಂಟಿ ಗುದ್ಲಿ ಕೊಡೋರು. ಯಾಕೆ? ಕಣ್ ಮಂಜಾಗಿ ಮೊಳಕಾಲ್ ನೋಯೋ ಮುದುಕುಂಗೆ ಯಾಕ್ ಕೊಡೋರು ಏಳು?

“ನಿಮ್ ತಾತುಂಗೆ ಒಬ್ಳು ಅಕ್ಕ ಇದ್ಲು. ಪುಷ್ಪ ಅಂತ. ಕಡ್ಡಿಯಂಗಿದ್ಲಂತೆ. ಆಗ ಈ ಕಬ್ಣದ್ ಗೇಟಿಲ್ಲ. ಕೆರೆ ಒಳಗೆ ತೂಬಿನ ಬಾಯ್ಗೆ ಮರದ್ ಗೂಟ ಜಡ್ದಿರೋರು, ಅದ ಎತ್ತುದ್ರೆ ನೀರು ಏರಿ ಅಡೀಲಿ ಕಲ್ಲಿನ್ ಸುರಂಗದಲ್ ಬಂದು ಈಚೆ ಕಾಲ್ವೆಗ್ ಬೀಳಾದು. ವರ್ಸುಕ್ಕೊಂದಪ ಆ ಸುರಂಗದಲ್ಲಿ ಹೂಳು, ಜೊಂಡು ಕಟ್ಕಳಾದು. ದೊಡ್ಡೋರು ಅದ್ರಲ್ಲಿ ನುಗ್ಗಕಾಗಲ್ಲ. ಅದ್ಕೆ ಗೂಟ ಜಡ್ದು, ಕಾಲ್ವೆ ಕಡೆಯಿಂದ ಸಣ್ ಐಕ್ಳ ಒಳೀಕ್ ಬುಡೋರು. ಮಗ ಒಳಗವ್ನಾ ಈಚೆ ಬಂದ್ನಾ ಅಂತ ಏರಿ ಆಚೆ ನಿಂತಿರೋನ್ಗೆ ಎಂಗ್ ಗೊತ್ತಾಗ್ಬೇಕು? ಬಿದಿರು ಕಡ್ಡೀಲಿ ಕಿರುಬೆರಳಷ್ಟು ಪೀಪಿ ಮಾಡಿ ಮಗಿನ್ ಬಾಯ್ಗೆ ಕೊಡೋರು. ಕಚ್ಕಂಡು ಕೆಲ್ಸ ಮಾಡ್ಬೇಕು. ಉಸ್ರು ಬುಟ್ಟಂಗೆಲ್ಲ ಅದು ಕೀಂ... ಕೀಂ... ಅನ್ನಾದು. ನೀರುಗಂಟಿ ತೂಬಿನ್ ಕಲ್ಗೆ ಕಿವಿ ಕೊಟ್ಟು ಕುಂತಿರಾನು. ಪೀಪಿ ಕೇಳೋಗಂಟ ಮಗ ಒಳಗದೆ. ನಿಂತ್ರೆ ಈಚೆ ಬಂದದೆ, ಗೂಟ ಎತ್ಬೋದು. ಅಷ್ಟೆ ಲೆಕ್ಕ. ಯಾವ್ ಕಾಲ್ದಿಂದ್ಲೋ ಅಂಗೇ ನಡ್ಕಬಂದಿತ್ತು, ಒಂದ್ ಮಗೀಗೂ ಏನೂ ಆಗಿರ್ನಿಲ್ಲ.

“ಪುಷ್ಪ ಒಳೀಕೋದ ವರ್ಸ ಕಲ್ಗೆ ಕಿವಿ ಕೊಟ್ಟಿದ್ದೋನು ಅವಳ್ ತಾತನೇ. ಅವನೇ ಅವಳ್ಗೆ ಪೀಪಿ ಕೆತ್ತಿ ಕೊಟ್ಟಿದ್ದು. ಪ್ರಾಣ ಅವಳಂದ್ರೆ. ಆದ್ರೆ ಅವನ್ ಕಿವಿ ಮಾಗ್ಬುಟ್ಟಿತ್ತಲ್ಲ... ಅದು ಅವನ್ಗೇ ಗೊತ್ತಿರ್ನಿಲ್ಲ ಕಣ್ಲಾ. ಗೊತ್ತಾಗಾದೆಂಗೆ? ಕಿವಿ ಕೊಟ್ಟ. ಏನೂ ಇಲ್ಲ. ನಿಂತೋಯ್ತು, ಕೂಸು ಈಚೆ ಬಂತು ಅಂದ. ಪಕ್ದಲ್ಲಿ ನಿಮ್ ತಾತ ನಿಂತಿದ್ರು, ಚೆಡ್ಡಿ ಇಲ್ದಿರೋ ವಯ್ಸು. ‘ತಾತ, ಅಕ್ಕ ಇನ್ನೂ ಊದ್ತಾವಳೆ’ ಅಂದ್ರಂತೆ. ‘ನಿಂತೋಯ್ತು ಬುಡ್ಲಾ’ ಅಂದ್ಬುಟ್ಟು ಆ ಮುದ್ಕ ಗೂಟ ಎತ್ದ.”

ಮಳೆಯ ನಡುವೆ ಹಿತ್ತಲಿನ ಜೀರುಂಡೆ ಕೀಂ ಎಂದಿತು. ಒಂದು ಉಸಿರಿನಷ್ಟು ಬಿಡುವು. ಮತ್ತೆ ಕೀಂ ಎಂದಿತು. ನಾನು ಭಾವನ ಮುಖ ನೋಡಿದೆ. ಅವನು ಬುಡ್ಡಿಯನ್ನೇ ನೋಡುತ್ತಿದ್ದ.

“ಅವಳ್ನ ಸುಟ್ಟ ಮಾರ್ನೆ ವರ್ಸ ನಟರಾಜು ಅಂತ ಒಬ್ಬ ನೀರ್ ಬುಡಕೋದ. ಮದ್ವೆಯಾಗಿ ಆರ್ ತಿಂಗ್ಳಾಗಿರ್ನಿಲ್ಲ. ವೋದೋನು ಓಡ್ಬಂದು ಊರ್ ಮುಂದೆ ನಿಂತ್ಕಂಡು, ‘ಯಾರ್ ಮನೆ ಮಗಾನೋ ತೂಬೊಳಗೆ ಸಿಕ್ಕಾಕ್ಕಂಡದೆ, ಪೀಪಿ ಊದ್ತಾ ಅದೆ, ಬನ್ರಪ್ಪ’ ಅಂದ. ಊರಿನ್ ಮಕ್ಳೆಲ್ಲಾ ಕಣ್ಣೆದುರ್ಗೇ ಅವೆ. ಜಗುಲಿ ಮ್ಯಾಲಿದ್ದ ಮುದ್ಕರು ಕಿವಿ ಕೊಟ್ ಕೇಳುದ್ರು, ಏನೂ ಇಲ್ಲ. ಭ್ರಮೆ ಬುಡ್ಲಾ ಅಂದ್ರು. ಆದ್ರೆ ಕೇಳ್ದೋನ್ಗೆ ಎಂಗ್ ತಡೀತದೆ? ಒಳಗೆ ಕೂಸದೆ ಅಂತ ಗೊತ್ತಾದ್ಮೇಲೆ ಯಾವ ಕೈಲಿ ಗೂಟ ಎತ್ತಾನು? ಎಳ್ಕಂಡ್ ಬತ್ತೀನಿ ಅಂತ ಕಾಲ್ವೆ ಕಡೆಯಿಂದ ಸೊಂಟಗಂಟ ನುಗ್ದ. ಆಗ ಗೂಟ ಎದ್ದೋಯ್ತು. ಯಾರೆತ್ತುದ್ರು? ಏರಿ ಮ್ಯಾಲೆ ಒಂದ್ ನರಪಿಳ್ಳೆ ಇರ್ನಿಲ್ಲ. ಅವನಾದ್ಮೇಲೆ ಇನ್ನೊಬ್ಬ. ಅವನೂ ಪ್ರಾಯದೋನೇ. ಅವತ್ತಿಂದ ಊರು ಗುದ್ಲಿ ಕೊಡಾದು ಮಾಗಿದ್ ಕಿವಿಯೋರ್ಗೆ. ಅವಳು ಊದ್ಲಿ, ಇವರು ಎತ್ಲಿ. ಕೇಳ್ದಿದ್ದೋನ್ಗೆ ಅವಳು ಏನೂ ಮಾಡಲ್ಲ... ಕೇಳ್ದೋನ್ನ ಬುಡಲ್ಲ.

“ನಿಮ್ ತಾತ ಪ್ರಾಯದಲ್ಲಿ ಕೆರೆ ಕಡೀಕೆ ತಲೆನೂ ಆಕಿರ್ನಿಲ್ಲ. ಕಿವಿ ಮಾಗಿದ್ಮೇಲೇ ಗುದ್ಲಿ ತಕಂಡಿದ್ದು. ಅವತ್ತು ಅವ್ರು ಅತ್ತಿದ್ದ ನಾನ್ ನೋಡ್ದೆ. ಜೀರುಂಡೆ ಕೇಳ್ದೇ ಇದ್ದುದ್ಕೆ ಯಾರಾದ್ರೂ ಅಳ್ತಾರಾ? ನಂಗಾಗ ಅರ್ತ ಆಗ್ನಿಲ್ಲ.

“ಆಮೇಕೆ ನೀನ್ ಬಂದೆ ರಾಣಿ. ಒಳ್ಳೆ ಮನ್ಸು ನಿಂದು. ತಾತ ಕರುದ್ರೆ ಓ ಅನ್ನಲ್ಲ ಅಂತ ಕೊಳ್ಳೇಗಾಲ್ದಲ್ಲಿ ಪುಗ್ಸಟ್ಟೆ ಕ್ಯಾಂಪ್ ಮಾಡಿದ್ರಲ್ಲ, ಅಲ್ಲಿಗ್ ಕರ್ಕಂಡೋಗಿ ಕಿವಿಗೆ ಮಿಷಿನ್ ಆಕುಸ್ಕಂಡ್ ಬಂದೆ. ಅವತ್ ಸಂದೆ ಜಗುಲೀಲಿ ಕುಂತು, ‘ಬಸ್ಮಿ, ಜೀರುಂಡೆ ಕಣೇ!’ ಅಂತ ಮಗಿನಂಗ್ ನಕ್ರು. ಕೆರೆಗೋಗಾಗ ಬಿಚ್ಚಿಟ್ಟೋಗಿ ಅಂದೆ. ಬಿಚ್ಚಿ ದೇವ್ರ ಗೂಡಲ್ಲಿಟ್ಟೇ ಓಯ್ತಿದ್ರು. ಆದ್ರೆ ಒಂದಿನ ಮನೇಲ್ ಕುಂತಿದ್ದಂಗೇ, ‘ರಾಣಿ, ಮಿಷಿನ್ ಯಾಕೋ ಪೀಪಿ ಊದ್ದಂಗ್ ಕೂಗ್ತದಲ್ಲವ್ವ’ ಅಂದ್ರು. ನೀನು ಸರ್ಯಾಗ್ ಕೂತಿಲ್ಲ ತಾತ ಅಂತ ಒತ್ತಿ ಕೂರುಸ್ದೆ. ಅಲ್ವಾ?”

ಅಕ್ಕ ತಲೆಯಾಡಿಸಿದಳು.

“ನೀನ್ ಒಳೀಕೋದ್ಮೇಲೆ ನನ್ ಕೈ ಇಡ್ಕಂಡ್ರು. ‘ಇದು ಮಿಷಿನ್ನಲ್ಲ ಕಣೇ, ಉಸ್ರು ಬುಟ್ಟಂಗ್ ಬತ್ತದೆ. ಅಕ್ಕ ಇನ್ನೂ ಊದ್ತಾನೇ ಅವಳೆ. ಅವತ್ತೂ ನಂಗ್ ಕೇಳುಸ್ತಿತ್ತು, ಯಾರೂ ನಂಬ್ನಿಲ್ಲ’ ಅಂದ್ರು. ನಾನು ಮಿಷಿನ್ ಕಿತ್ಕಂಡು ರಾಗಿ ತುಂಬಿದ್ ಮಣ್ಣಿನ್ ವಾಡೇಲಿ ಊತಿಟ್ಟೆ. ಯಾವಾಗ ಉಡುಕುದ್ರೋ... ಬೆಳಗಾನ ಎದ್ ನೋಡುದ್ರೆ ಆಸ್ಗೆ ಕಾಲಿ, ನೆಲದ್ ಮ್ಯಾಲೆಲ್ಲಾ ರಾಗಿ. ಕಾಲ್ವೇಲಿ ಸಿಕ್ಕುದ್ರು ನಿಮ್ ತಾತ. ಸೊಂಟಗಂಟ ಸುರಂಗದೊಳಗೆ. ಮುದ್ಕ ಗೇಟೆತ್ತಿ ಕಾಲ್ ಜಾರ್ತು ಅಂದ್ರು ಊರೋರು. ಗೇಟಿನ್ ಚಕ್ರ ಏರಿ ಆಚೆ ಅದೆ, ಇವ್ರು ಈಚೆ. ಜಾರಿದೋನು ತಲೆ ಮುಂದಾಗಿ ತೂಬೊಳೀಕೆ ತೆವಳ್ಕಂಡೋಯ್ತಾನಾ? ನಿನ್ ತಪ್ಪಲ್ಲ ಕಣವ್ವ. ಅಳ್ಬೇಡ. ಅವ್ರು ವೋಗಿದ್ದು ಅವ್ರಕ್ಕನ್ ತಾವ್ಕೆ.”

ಅಕ್ಕ ಅಳುತ್ತಿರಲಿಲ್ಲ. ಅವಳ ದನಿ ಬಹಳ ಸಣ್ಣದಾಗಿತ್ತು. “ಅಜ್ಜಿ, ಕಾಲ್ವೆಯಿಂದ ಎತ್ಕಬಂದ್ಮೇಲೆ ತಾತನ್ ಕಿವಿಯಿಂದ ಮಿಷಿನ್ ತಗ್ದೋಳು ನಾನು. ಕೂಗ್ತಾ ಇತ್ತು. ನಿಲ್ಲುಸ್ಬೇಕು ಅಂತ ಸೆಲ್ ಕಿತ್ತೆ. ಸೆಲ್ ಒಂದ್ ಕೈಲಿ, ಮಿಷಿನ್ ಒಂದ್ ಕೈಲಿ... ಆಗ್ಲೂ ಕೂಗ್ತಾನೇ ಇತ್ತು. ನಾನ್ ಯಾರ್ಗೂ ಏಳ್ನಿಲ್ಲ.”

ನಾನು ಮೌನವನ್ನು ಇಷ್ಟಪಡುವವನು. ಆದರೆ ಆಗ ಯಾರಾದರೂ ಏನಾದರೂ ಹೇಳಲಿ ಎಂದು ಬೇಡಿಕೊಳ್ಳುತ್ತಿದ್ದೆ. ಭಾವ ರೈನ್‌ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದ. ಅಜ್ಜಿ ಅದನ್ನು ಅವನ ಮೈಯಿಂದ ತೆಗೆದು ತಾವೇ ತೊಟ್ಟುಕೊಂಡರು. ತೋಳುಗಳು ಮೊಳಕಾಲಿನವರೆಗೆ ಇಳಿಬಿದ್ದವು.

“ಈ ಮಳೇಲಿ ನೀನೋಗಾದಾ?” ಎಂದ ಭಾವ.

“ಇನ್ಯಾರ್ಲಾ? ಕೆಳುಗ್ಲ ಬೀದೀಲಿ ಬಾಣ್ತೀರವ್ರೆ, ಎಳೆ ಮಕ್ಳವೆ. ಈ ಮನೇಲಿ ಮಾಗಿರಾದು ನನ್ ಕಿವಿ ಒಂದೇಯ. ಚಕ್ರಕ್ಕೆ ಎಣ್ಣೆ ಬುಟ್ಟಿದ್ದೀಯ ತಾನೆ?” ಟಾರ್ಚು ತೆಗೆದುಕೊಂಡು ಅವರು ನನ್ನ ಕಡೆ ತಿರುಗಿದರು. “ನೀ ಏಳ್ ಮೊಗ, ಓದಿದೋನು. ಆಗ್ಲಿಂದ ಜೀರುಂಡೆ ಕೂಗ್ತಾ ಅದಾ?”

“ಹೂಂ ಅಜ್ಜಿ.”

“ಇಂಥ ಸುರಿಯೋ ಮಳೇಲಿ ಯಾವ್ ಜೀರುಂಡೆ ಕೂಗ್ತದೆ?”

ಅಕ್ಕ ನನ್ನ ಮಣಿಕಟ್ಟು ಹಿಡಿದುಕೊಂಡಳು. ಮೂವರೂ ಹಿತ್ತಲ ಕಡೆ ಕಿವಿಯಿಟ್ಟೆವು. ಹೆಂಚಿನ ಮೇಲೆ ಮಳೆ ಇತ್ತು. ದಪ್ಪಲೆ ತುಂಬಿ ಹೊರಚೆಲ್ಲುತ್ತಿತ್ತು. ಇನ್ನೊಂದು ಉಸಿರಿಗೆ ಕಾದೆವು. ಮತ್ತೊಂದಕ್ಕೂ ಕಾದೆವು. ಮಳೆಯೊಂದೇ ಇತ್ತು.

ಅಜ್ಜಿ ಟಾರ್ಚಿನ ಬೆಳಕಲ್ಲಿ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದರು. ಕೇಳದಿದ್ದರೂ ಅವರಿಗೆ ತಿಳಿಯಿತು.

“ನಿಂತೋಯ್ತಾ?” ಎಂದರು. ಬಾಗಿಲು ತೆರೆದು ಮಳೆಗೆ ಒಂದು ಕಾಲಿಟ್ಟರು. “ಅಂಗಾರೆ ಈಚೆ ಬಂದವಳೆ. ತೂಬಲ್ಲಿ ಯಾರೂ ಇಲ್ಲ, ನಾನು ಎತ್ತಿ ಬತ್ತೀನಿ. ನೀವು ಚಿಲ್ಕ ಆಕ್ಕಳಿ... ಮತ್ತೆ ಕೇಳುಸ್ತು ಅಂದ್ರೆ, ಅದು ಮನೆ ಒಳಗಿಂದ ಬಂದ್ರೂ ಸೈತ, ಎಲ್ಲಿಂದ ಅಂತ ನೋಡಕ್ಕೋಗ್ಬೇಡಿ.”