ನಾಟಕ ಬೇಡವೆಂದ ರೇಡಿಯೋ

ಆ ರೇಡಿಯೋ ರಿಪೇರಿ ಅಂಗಡಿಯ ಮುಂದೆ ಕ್ಷೌರ ಮಾಡಿಸಿಕೊಂಡು ನಿಂತವನಿಗೂ ಸರದಿ ಬರುವಷ್ಟರಲ್ಲಿ ಗಡ್ಡ ಹೊಕ್ಕುಳು ಮುಟ್ಟಿರುತ್ತದೆ. ಸುಳ್ಳಲ್ಲ, ನನ್ನ ಗಡ್ಡವೇ ಸಾಕ್ಷಿ. ನನ್ನ ಮುಂದೆ ಒಬ್ಬ ಅಕ್ಕ, ಅವಳ ತಮ್ಮ. ಅಕ್ಕನ ಕಂಕುಳಲ್ಲಿ ಹಳೇ ರೇಡಿಯೋ.

"ಚೆನ್ನಾಗಿದ್ದ ವೈರನ್ನ ಯಾಕೋ ಕಿತ್ತೆ?"

"ಇನ್ನೇನು ಮಾಡ್ಲಿ ಅಕ್ಕ? ಸುದ್ದಿ ಮುಗೀತು, ಡಾಕ್ಟರ ಮಾತು ಮುಗೀತು. ನಾಟಕಕ್ಕೆ ಮುಂಚೆ, 'ಈಚೆಗೆ ತೀರಿಕೊಂಡ ನಮ್ಮ ಕಲಾವಿದರ ನೆನಪಿಗೆ' ಅಂತ ಶುರು ಮಾಡಿದ್ರು. ಇನ್ನೊಂದು ಉಸಿರಿಗೆ ಅಣ್ಣನ ಹೆಸರೇ ಬರ್ತಿತ್ತು."

"ಅಮ್ಮಂಗೆ ಕೇಳಿಸ್ತಾ?"

"ಇಲ್ಲ. ಅವನ ಹಳೇ ನಾಟಕ ಮತ್ತೆ ಹಾಕ್ದಾಗೆಲ್ಲ, ಈಗ್ಲೇ ಆಡ್ತಿದಾನೆ ಅನ್ಕೊಂಡು, ನನ್ ಮಗಂಗೆ ಗಂಟ್ಲು ಕಟ್ಟಿದೆ ಪಾಪ ಅಂತಾಳಲ್ಲ, ಹಾಗೇ ಕಿವಿಗೊಟ್ಟು ಕಾಯ್ತಿದ್ಲು."

"ಅವನಿಗೆ ರೇಡಿಯೋ ಸ್ಟೇಷನ್ನಲ್ಲಿ ಬಿಡುವಿಲ್ಲದ ಕೆಲ್ಸ ಅಂತ ಹೇಳಿದ್ದು ನೀನು."

"ಅಮ್ಮ ಹಾಸಿಗೆ ಹಿಡಿದವಳು, ಅಣ್ಣ ಹೋದ ಸುದ್ದಿ ತಡ್ಕೊಳ್ಳಲ್ಲ ಅಂದೋಳು ನೀನು."

"ಈಗ ನೋಡು. ಕೆಟ್ಟಿದ್ರೆ ಅಣ್ಣನ್ನೇ ಕರೆಸಿ, ರೇಡಿಯೋದಲ್ಲೇ ಇರೋನಿಗೆ ಇಷ್ಟು ಬರಲ್ವಾ ಅಂತ ಬೆಳಿಗ್ಗೆಯಿಂದ ಅಮ್ಮಂದು ಒಂದೇ ಹಟ."

ಅವರ ಸರದಿ ಬಂತು. ತಮ್ಮ ರಿಪೇರಿಯವನ ಕಡೆ ಬಗ್ಗಿದ.

"ಸುದ್ದಿ ಬರ್ಲಿ, ಮಾತುಕತೆ ಬರ್ಲಿ. ನಾಟಕ ಒಂದು ಬರದ ಹಾಗೆ ಮಾಡಕ್ಕಾಗತ್ತಾ?"

"ಬಂದ್ರೆ ಎಲ್ಲಾ ಬರತ್ತೆ ಸ್ವಾಮಿ, ಇಲ್ಲಾಂದ್ರೆ ಯಾವ್ದೂ ಬರಲ್ಲ."

ಅಕ್ಕ ರೇಡಿಯೋವನ್ನು ಮತ್ತೆ ಕಂಕುಳಿಗೇರಿಸಿದಳು.

"ನಡಿಯೋ. ಯಾರ ಬಾಯಿಂದಲೋ ಕೇಳೋದಕ್ಕಿಂತ ನಾವೇ ಹೇಳೋಣ."

"ಈಗ್ಲೇನಾ?"

"ಮೊದ್ಲು ಊಟ ಮಾಡ್ಸೋಣ. ಹೇಳಿದ್ಮೇಲೆ ಅವಳಿಗೆ ತುತ್ತು ಇಳಿಯಲ್ಲ."

ಇಬ್ಬರೂ ಮೆಟ್ಟಿಲಿಳಿದು, ಒಬ್ಬರ ಮುಖ ಒಬ್ಬರು ನೋಡದೆ ನಡೆದರು.