ನಮ್ಮ ಕಂಬದ ಮೇಲೆ ಈರೇಶನ ವಾಯರು

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಕಂಪನಿಯ ಹಿರಿಯ ಅಧಿಕಾರಿಗಳೇ, ಕುಂದಗೋಳ ತಾಲ್ಲೂಕಿನ ಕೇಬಲ್ ಬಂಧುಗಳೇ, ಅಡುಗೆಯ ವಾಸನೆ ಬಂದರೂ ಎದ್ದು ಹೋಗದೆ ಕುಳಿತಿರುವ ಸಭಿಕರೇ,

ಯರಗುಪ್ಪಿಯಲ್ಲಿ ಕೇಬಲ್ಲು, ಇಂಟರ್‌ನೆಟ್ಟು ನಡೆಸುವ ರೇಷ್ಮಾಬಿ ನಾನು. ಇವತ್ತು ನನಗೆ ಸನ್ಮಾನ. ಅದಾದ ಮೇಲೆ ಕರಾರಿಗೆ ನನ್ನ ಸಹಿ. ಸನ್ಮಾನ ಮೊದಲೇಕೆ, ಸಹಿ ಆಮೇಲೇಕೆ? ನನಗೆ ಅನುಮಾನ ಹುಟ್ಟಿದ್ದೇ ಅಲ್ಲಿ.

ಕಂಪನಿಯವರು ನಮ್ಮೂರಿಗೆ ಬಂದು ಕೆಲವು ತಿಂಗಳು ಪುಕ್ಕಟೆ ಇಂಟರ್‌ನೆಟ್ ಕೊಟ್ಟರು. ಜನ ಖುಷಿಪಟ್ಟರು. ನಾನು ಟಿವಿ ಕೇಬಲ್ಲಿನ ದುಡ್ಡಿನಲ್ಲಿ ಹೇಗೋ ಉಳಿದೆ. ಇಂಟರ್‌ನೆಟ್ಟಷ್ಟೇ ನಡೆಸುತ್ತಿದ್ದ ನನ್ನ ಎದುರಾಳಿ ಈರೇಶ ಮಾತ್ರ ತಾಳಲಾರದೆ ಅಂಗಡಿಗೆ ಬೀಗ ಹಾಕಿದ. ಬೀಗ ಬಿದ್ದ ಮರುವಾರವೇ ಪುಕ್ಕಟೆ ಮುಗಿಯಿತು. ಇದು ಆಕಸ್ಮಿಕವೇ? ಈಗ ನನಗೆ ಕೊಟ್ಟ ಕರಾರಿನಲ್ಲಿ, ಇನ್ನು ಮೇಲೆ ನಾನು ಅವರ ಇಂಟರ್‌ನೆಟ್ಟನ್ನೇ ಮಾರಬೇಕು, ನನ್ನ ಯಜಮಾನರು ಊರ ತುಂಬ ನೆಡಿಸಿದ ಕಂಬಗಳ ಮೇಲೆ ಕಂಪನಿಯದಲ್ಲದೆ ಬೇರೆ ಯಾರ ವಾಯರೂ ಹಾಯಬಾರದು ಎಂದಿದೆ.

ಹುಬ್ಬಳ್ಳಿಯ ವಕೀಲರನ್ನು ಕೇಳಿದೆ. "ಪುಕ್ಕಟೆ ಕೊಟ್ಟು ಎದುರಿನವರ ಅಂಗಡಿ ಮುಚ್ಚಸೂದನ್ನ ತಡ್ಯಾಕ ಕಾನೂನು ಇಲ್ಲೇನ್ರಿ?"

"ಐತ್ರಿ. ಆದರ ಮಾರ್ಕೆಟ್ ಎಷ್ಟು ದೊಡ್ಡದು ಅಂತ ಮೊದಲ ನೋಡ್ತಾರ. ಇಡೀ ರಾಜ್ಯ ಹಿಡದ್ರ ಇವರದು ಸಣ್ಣ ಪಾಲ್ರಿ, ಆ ಕಾನೂನು ಇವರಿಗೆ ಹತ್ತೂದಿಲ್ರಿ."

ರಾಜ್ಯದಲ್ಲಿ ಹತ್ತು ಕಂಪನಿ ಇದ್ದರೆ ಯರಗುಪ್ಪಿಯವರಿಗೆ ಏನು ಬಂತು? ಅವರ ಬಾಗಿಲಿಗೆ ಬರುವ ವಾಯರು ಒಂದೇ ತಾನೇ?

ಈರೇಶನ ಮೇಲೂ ನನಗೆ ಅನುಮಾನವಿತ್ತು. ಕಂಪನಿ ಬರುವ ಮೊದಲು ನಮ್ಮ ಯಜಮಾನರು ರಸೂಲಸಾಬರು ತೀರಿಕೊಂಡಾಗ ನಾನು ಇದ್ದತ್ತಿನಲ್ಲಿ, ಅಂದರೆ ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಹೊರಗೆ ಬರದಿರುವ ಅವಧಿಯಲ್ಲಿ, ಮನೆಯೊಳಗಿದ್ದೆ. ಒಂದು ದಿನ ಕಿಟಕಿಯಿಂದ ನೋಡಿದರೆ ನಮ್ಮ ಕಂಬದ ಮೇಲೆ ಈರೇಶ.

"ಏನ್ ಮಾಡಾಕತ್ತೀಯೋ ಅಲ್ಲೆ?" ಎಂದು ಕೂಗಿದೆ.

"ಗಾಳಿಗೆ ನಿಮ್ಮ ವಾಯರ್ ಹರದೈತ್ರಿ, ಭಾಬಿ. ಕೂಡಸಾಕತ್ತೀನ್ರಿ."

ನಂಬಲಿಲ್ಲ. ಗಿರಾಕಿಗಳನ್ನು ಎಳೆದುಕೊಳ್ಳುತ್ತಿದ್ದಾನೆ ಎಂದುಕೊಂಡೆ. ಹೊರಗೆ ಬಂದ ಮೇಲೆ ತಿಳಿಯಿತು, ತನ್ನ ಕಡೆ ಬಂದವರನ್ನೂ ಅವನು ನನ್ನಲ್ಲಿಗೇ ವಾಪಸ್ ಕಳಿಸಿದ್ದ. ಯಾಕೆಂದು ಕೇಳಿದರೆ, "ನೀವು ಇಲ್ಲದಾಗ ಯಾರ ಕೂಡ ಜಗಳಾ ಮಾಡ್ಲಿ?" ಎಂದ. ಆ ಮಾತು ಕೇಳಿ ನನಗೆ... ಇರಲಿ. ಅದು ಸಭೆಯಲ್ಲಿ ಹೇಳುವಂಥದ್ದಲ್ಲ.

ಈ ಕರಾರಿಗೆ ಸಹಿ ಹಾಕಿದರೆ ಊರಿಗೆ ಒಂದೇ ವಾಯರು. ಬೈಯುವ ಗಿರಾಕಿಗೆ ಹೋಗಲು ಬೇರೆ ಜಾಗವಿಲ್ಲ ಎಂದು ಗೊತ್ತಾದರೆ ರೇಷ್ಮಾಬಿ ಮಳೆಯಲ್ಲಿ ಏಣಿ ಹತ್ತುತ್ತಾಳೆಯೇ? ಸಭಿಕರೇ, ನನ್ನ ಮೇಲೂ ನನಗೆ ಅನುಮಾನವಿದೆ.

ನಿನ್ನೆ ಈರೇಶನ ಮನೆಗೆ ಹೋದೆ. "ಅಂಗಡಿ ಬಾಗಲಾ ತಗೀ. ನಿನ್ನ ವಾಯರ್ ನನ್ನ ಕಂಬದ ಮ್ಯಾಲ ಹಾಯಲಿ. ಬಾಡಗಿ ಕೊಡು," ಎಂದೆ.

ಅವನಿಗೂ ಅನುಮಾನ. "ಇದರಾಗ ನಿಮ್ಮ ಮಸಲತ್ತು ಏನೈತ್ರಿ, ಭಾಬಿ?"

"ನೀ ಬಾಜೂಕ ಇದ್ರ ನಾ ನೆಟ್ಟಗ ಕೆಲಸ ಮಾಡ್ತೀನಿ. ಅಷ್ಟ."

ಪೂರ್ತಿ ನಂಬಲಿಲ್ಲ ಅವನು. ಆದರೂ ಇವತ್ತು ಬೆಳಿಗ್ಗೆ ನಾನು ಬಸ್ಸು ಹತ್ತುವಾಗ ವಾಯರಿನ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು ಹೊರಟಿದ್ದ. ಈ ಹೊತ್ತಿಗೆ ಅವನ ವಾಯರು ನನ್ನ ಕಂಬಗಳ ಮೇಲೆ ಪಂಚಾಯಿತಿ ಕಟ್ಟಡ ದಾಟಿರಬೇಕು. ಆದ್ದರಿಂದ ಅಧಿಕಾರಿಗಳೇ, ನಿಮ್ಮ ಕರಾರಿಗೆ ನಾನು ಸಹಿ ಹಾಕುವುದಿಲ್ಲ.

ಕರೆದು ಗೌರವಿಸಿದ್ದಕ್ಕೆ ಕಂಪನಿಗೂ, ಇಷ್ಟು ಹೊತ್ತು ಕೇಳಿದ್ದಕ್ಕೆ ನಿಮಗೂ ನನ್ನ ವಂದನೆಗಳು. ಊಟಕ್ಕೆ ನಿಲ್ಲಲಾರೆ, ಕ್ಷಮಿಸಿ. ಮುಂದಿನ ಬಸ್ಸಿಗೇ ಊರು ಸೇರಬೇಕು. ಈರೇಶ ಆಗಲೇ ನನ್ನ ಗಿರಾಕಿಗಳ ಬಾಗಿಲು ಬಡಿಯುತ್ತಿರುತ್ತಾನೆ. ನಮಸ್ಕಾರ.