ಆ ಪಾಠಗಳು ದಾಕ್ಷಾಯಣಿ ಟೀಚರ್ ಅವರವೇ

ಬಂದಿರುವ ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕುಳಿತಿರುವ ಟೀಚರ್ ಅವರ ಯಜಮಾನರು ಶಿವಶರಣಪ್ಪನವರಿಗೆ, ಮಗಳು ಪದ್ಮಶ್ರೀಗೆ — ಕೈ ಮುಗಿಯುತ್ತೇನೆ. ನಿಮಗೆ ಸಮಾಧಾನ ಹೇಳುವ ಮಾತು ನನ್ನ ಹತ್ತಿರ ಇಲ್ಲ. ಸಮಾಧಾನ ಹೇಳಲು ನಾನು ವೇದಿಕೆ ಹತ್ತಿಯೂ ಇಲ್ಲ.

ನನ್ನ ಗುರುತು ಇಲ್ಲದವರು ಒಬ್ಬಿಬ್ಬರು ಇರಬಹುದು. ನಾನು ರಾಧಾಮಣಿ. ಅಟ್ಟೂರಿನ ಈ ಶಾಲೆಯ ಆಫೀಸಿನಲ್ಲಿ ಮೂವತ್ತೊಂದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಓದಿದ್ದು ಎಸ್ಸೆಸ್ಸೆಲ್ಸಿ, ಫಸ್ಟ್ ಕ್ಲಾಸ್. ಶಾಲೆಯ ಕಾರ್ಯದರ್ಶಿ ಮುನಿರತ್ನ ನನ್ನ ಮೈದುನನ ಮಗ, ನಾನೇ ಎತ್ತಿ ಆಡಿಸಿದವನು. — ಮುನಿರತ್ನ, ಫೋನ್ ಕೆಳಗಿಡು. — ನಮ್ಮ ಮನೆಯಲ್ಲಿ ಹದಿನಾಲ್ಕು ಜನ. ಒಂದು ನಿಯಮ ಇದೆ. ತಪ್ಪು ಮಾಡಿದವರು ತಟ್ಟೆಯ ಮುಂದೆ ಕೂರುವ ಮೊದಲು ಅದನ್ನು ಹೇಳಿಬಿಡಬೇಕು. ಹೇಳಿದವರಿಗೆ ಬೈದು ಬಡಿಸುತ್ತೇನೆ. ಹೇಳದವರಿಗೆ ಬರೀ ಬಡಿಸುತ್ತೇನೆ, ಮಾತಾಡಿಸುವುದಿಲ್ಲ. ಯಾವುದು ಕಷ್ಟ ಎಂದು ನನ್ನ ಸೊಸೆಯಂದಿರನ್ನು ಕೇಳಿ.

ನನಗಿಂತ ಮೊದಲು ನಾಲ್ವರು ಮಾತಾಡಿದರು. ತುಂಬಲಾಗದ ನಷ್ಟ ಎಂದರು. ಮೃದು ಸ್ವಭಾವ ಎಂದರು. ನನಗೆ ಸ್ವಂತ ಅಕ್ಕನ ಹಾಗಿದ್ದರು ಎಂದು ಒಬ್ಬರು ಕಣ್ಣೊರೆಸಿಕೊಂಡರು. ನಾಲ್ವರಲ್ಲಿ ಒಬ್ಬರಾದರೂ ಆ ಮೆಮೊ ವಿಷಯ ಎತ್ತುತ್ತಾರೇನೋ ಎಂದು ಕಾದೆ. — ಇಲ್ಲ.

ಸರಿ. ನಾನೇ ಎತ್ತುತ್ತೇನೆ.

ದಾಕ್ಷಾಯಣಿ ಟೀಚರ್ ಹನ್ನೆರಡು ದಿನದ ಹಿಂದೆ, ಭಾನುವಾರ ಬೆಳಿಗ್ಗೆ ಲಿಂಗೈಕ್ಯರಾದರು. ಹೃದಯ ನಿಂತಿತು ಎಂದು ಡಾಕ್ಟರು ಬರೆದುಕೊಟ್ಟಿದ್ದಾರೆ. ಅದಕ್ಕಿಂತ ಹೆಚ್ಚು ನನಗೆ ಗೊತ್ತಿಲ್ಲ. ಸಾವಿನ ಹೊಣೆಯನ್ನು ಇಲ್ಲಿ ಯಾರ ತಲೆಗೂ ಕಟ್ಟುವುದಿಲ್ಲ. ಆದರೆ ಅವರ ಸರ್ವಿಸ್ ಫೈಲಿನಲ್ಲಿ ಕೊನೆಯ ಕಾಗದ ಯಾವುದು ಗೊತ್ತೇ? "ತಾವು ಸಹ ಶಿಕ್ಷಕರ ಪಾಠ ಯೋಜನೆಗಳನ್ನು ನಕಲು ಮಾಡಿರುವುದು ಕಂಡುಬಂದಿದೆ. ತಮ್ಮ ಮೇಲೆ ಏಕೆ ಕ್ರಮ ಕೈಗೊಳ್ಳಬಾರದು ಎಂಬುದಕ್ಕೆ ಸೋಮವಾರದೊಳಗೆ ಉತ್ತರಿಸತಕ್ಕದ್ದು." ಸೋಮವಾರ ಬಂತು. ಉತ್ತರಿಸಲು ಅವರು ಇರಲಿಲ್ಲ. ಇಪ್ಪತ್ತಾರು ವರ್ಷ ಪಾಠ ಹೇಳಿದವರ ಫೈಲು ಕಳ್ಳಿ ಎನ್ನುವ ಕಾಗದದ ಮೇಲೆ ಮುಚ್ಚಿದೆ.

ಪದ್ಮಶ್ರೀ ಮೊನ್ನೆ ಬಂದು ಅಮ್ಮನ ಫೈಲಿನ ಪ್ರತಿ ಕೇಳಿದಳು. ನಾನು ನಾಳೆ ಬಾ ಎಂದೆ. ಮಗಳೇ, ಅದು ಆಫೀಸಿನ ನಾಳೆಯಲ್ಲ. ಆ ಮೆಮೊ ಅದರೊಳಗೆ ಇರುವವರೆಗೆ ಆ ಫೈಲನ್ನು ನಿನ್ನ ಕೈಗೆ ಕೊಡುವ ಮುಖ ನನಗಿರಲಿಲ್ಲ. ಇವತ್ತು ಈ ಸಭೆ ಮುಗಿಯುವ ಮೊದಲು ಮೆಮೊ ವಾಪಸ್ಸಾಗಬೇಕು. ನನ್ನ ಮಾತೆಲ್ಲ ಅಷ್ಟಕ್ಕೇ.

ಆಗಿದ್ದೇನು ಎಂದು ಹೇಳುತ್ತೇನೆ. ಕುಟುಂಬದವರಿಗೆ ಗೊತ್ತಿಲ್ಲ. ಉಳಿದವರಿಗೆ ಗೊತ್ತು, ಆದರೂ ಕೇಳಿ.

ಮೇ ತಿಂಗಳ ಕೊನೆಯಲ್ಲಿ ಶಾಲೆಗೆ ಒಂದು ಪೋರ್ಟಲ್ ತಂದೆವು. ಟೀಚರುಗಳು ಪಾಠ ಯೋಜನೆಯನ್ನು ಇನ್ನು ಪುಸ್ತಕದಲ್ಲಿ ಬರೆಯುವಂತಿಲ್ಲ, ಕಂಪ್ಯೂಟರಿನಲ್ಲೇ ತುಂಬಬೇಕು. ಪ್ರತಿ ಪಾಠಕ್ಕೂ ಇಲಾಖೆಯ ಕಲಿಕಾ ಫಲಗಳ ಪಟ್ಟಿಯಿಂದ ಒಂದು ಸಂಖ್ಯೆ ಆರಿಸಬೇಕು — ಈ ಪಾಠ ಮುಗಿದ ಮೇಲೆ ಮಗುವಿಗೆ ಏನು ಬರಬೇಕು ಎನ್ನುವುದರ ಸಂಖ್ಯೆ. ಸರಿಹೊಂದಿದರೆ ಹಸಿರು ಚುಕ್ಕೆ, ಇಲ್ಲದಿದ್ದರೆ ಕೆಂಪು. ಆ ಪಟ್ಟಿಯನ್ನು ನಾನೂ ಓದಿದೆ. ಅದರಲ್ಲಿ ತಪ್ಪಿಲ್ಲ. ಮಗುವಿಗೆ ಏನು ಬರಬೇಕು ಎಂದು ಕೇಳಿಕೊಂಡು ಪಾಠ ಶುರುಮಾಡುವುದು ಒಳ್ಳೆಯದೇ. ದಾಕ್ಷಾಯಣಿ ಟೀಚರಿಗೂ ಅದು ಹಿಡಿಸಿತ್ತು. ರಜೆಯಲ್ಲೇ ಪಟ್ಟಿ ಮನೆಗೆ ಒಯ್ದು, ತಮ್ಮ ಹಳೆಯ ಪಾಠ ಪುಸ್ತಕಗಳ ಅಂಚಿನಲ್ಲಿ ಪೆನ್ಸಿಲಿನಿಂದ ಪ್ರತಿ ಪಾಠಕ್ಕೂ ಸಂಖ್ಯೆ ಹಾಕಿ ತಂದಿದ್ದರು. ಈ ಶಾಲೆಯಲ್ಲಿ ಹಾಗೆ ಮಾಡಿದವರು ಅವರೊಬ್ಬರೇ.

ಕಲಿಸಲು ಕಂಪನಿಯಿಂದ ಬಂದವರು ವಿಜಯ್ ಕುಮಾರ್. — ಅಲ್ಲಿದ್ದಾರೆ, ಬಾಗಿಲ ಪಕ್ಕದಲ್ಲಿ. ಎದ್ದು ಹೋಗಬೇಡಿ, ಕೂತುಕೊಳ್ಳಿ. — ಮೂರು ಶನಿವಾರ ಕಂಪ್ಯೂಟರ್ ಲ್ಯಾಬಿನಲ್ಲಿ ತರಬೇತಿ. ನೀರಿನ ಕ್ಯಾನ್ ಬದಲಿಸಲು ಆಯಾಳನ್ನು ಕರೆದುಕೊಂಡು ಹೋದಾಗ, ದಾಕ್ಷಾಯಣಿ ಟೀಚರ್ ಅವರನ್ನು ಕೇಳುತ್ತಿದ್ದುದನ್ನು ನಾನೇ ಕಿವಿಯಾರೆ ಕೇಳಿದೆ:

"ಸಾರ್, ಈ ಪಾಠಕ್ಕ ಎರಡು ಫಲ ಹೊಂದ್ತಾವ್ರೀ. ಯಾವ್ದು ಹಾಕ್ಲಿ?"

"ಒಂದೇ ಹಾಕಿ ಮೇಡಂ. ಎರಡು ಹಾಕಿದ್ರೆ ಸಿಸ್ಟಮ್ ತಗೊಳಲ್ಲ."

"ಹಂಗಾದ್ರ ಇನ್ನೊಂದು ಕಲ್ತ ಹುಡುಗ್ರನ್ನ ಏನ್ ಮಾಡ್ಲಿ? ಮರೀರಿ ಅನ್ಲೇನು?"

ಲ್ಯಾಬೆಲ್ಲ ನಕ್ಕಿತು. ವಿಜಯ್ ಕುಮಾರ್ ನಗಲಿಲ್ಲ.

ಅದೇ ಶನಿವಾರ ಮುನಿರತ್ನ ಗಡುವು ಹಾಕಿದ. ಜೂನ್ ಮುಗಿಯುವುದರೊಳಗೆ ಒಬ್ಬೊಬ್ಬರೂ ನಲವತ್ತು ಪಾಠ ತುಂಬಬೇಕು. ಮೊದಲು ಮುಗಿಸಿದವರಿಗೆ ಶಾಲು, ಸನ್ಮಾನ. ನಲವತ್ತು ಪಾಠ! ನೀವೆಲ್ಲ ತಲೆಯ ಮೇಲೆ ಕೈ ಹೊತ್ತು ಕುಳಿತಿರಿ. ವಿಜಯ್ ಕುಮಾರ್ ಧೈರ್ಯ ಹೇಳಿದರು — "ಟೀಚರ್ಸ್, ಹೊಸದಾಗಿ ಏನೂ ಬರೀಬೇಕಿಲ್ಲ. ಇರೋದನ್ನೇ ಹಾಕಿ." ಇರುವುದು ಯಾರ ಹತ್ತಿರ ಇತ್ತು? ದಾಕ್ಷಾಯಣಿ ಟೀಚರ್ ಹತ್ತಿರ ಇತ್ತು. ಇಪ್ಪತ್ತಾರು ವರ್ಷದಲ್ಲಿ ಎರಡನೇ ಕ್ಲಾಸಿನಿಂದ ಏಳನೇ ಕ್ಲಾಸಿನವರೆಗೆ ಎಲ್ಲ ಕ್ಲಾಸಿಗೂ ಪಾಠ ಹೇಳಿದವರು. ಖಾಕಿ ರಟ್ಟು ಹಾಕಿದ ಪುಸ್ತಕಗಳು. ಸ್ಟಾಫ್ ರೂಮಿನ ಬೀರುವಿಗೆ ಅವರು ಎಂದೂ ಬೀಗ ಹಾಕಿದವರಲ್ಲ. ಯಾರು ಕೇಳಿದರೂ "ತೊಗೊಳ್ರೀ, ಅದಕ್ಕೇನ್ರೀ" ಎನ್ನುವ ಹೆಂಗಸು.

ತೆಗೆದುಕೊಂಡಿರಿ. ಫೋನಿನಲ್ಲಿ ಫೋಟೋ ಹೊಡೆದಿರಿ, ಟೈಪ್ ಮಾಡಿಸಿದಿರಿ, ಹಾಕಿದಿರಿ. ಪೆನ್ಸಿಲಿನ ಸಂಖ್ಯೆಯೂ ಅವರದೇ. ಎಲ್ಲರಿಗೂ ಹಸಿರು.

ದಾಕ್ಷಾಯಣಿ ಟೀಚರ್ ಒಂದೇ ಬೆರಳಿನಲ್ಲಿ ಕನ್ನಡ ಒತ್ತುತ್ತಾ ಕೂತವರು ಕೊನೆಯಲ್ಲಿ ತುಂಬಿದರು. ಆ ಪೋರ್ಟಲಿಗೆ ಒಂದು ಲೆಕ್ಕ ಇದೆಯಂತೆ. ಒಂದೇ ಥರದ ಎರಡು ಪಾಠ ಬಂದರೆ ಮೊದಲು ಹಾಕಿದವರೇ ಬರೆದವರು, ಆಮೇಲೆ ಹಾಕಿದವರು ಕದ್ದವರು. ಅವರದು ಸಾಲಾಗಿ ಕೆಂಪು. ನಲವತ್ತರಲ್ಲಿ ಮೂವತ್ತಾರು ಕೆಂಪು. ವಿಜಯ್ ಕುಮಾರ್ ಪಟ್ಟಿ ಕಳಿಸಿದರು. ಮುನಿರತ್ನ ಮೆಮೊ ಕೊಡಲು ಹೇಳಿದ. ನಾಲ್ಕನೇ ಕ್ಲಾಸನ್ನು ಅವರಿಂದ ತೆಗೆದು ಲ್ಯಾಬಿನಲ್ಲಿ ಮರುತರಬೇತಿಗೆ ಕೂರಿಸಿದ. ತಾವು ಬರೆದ ಪಾಠವನ್ನು ಬರೆಯುವುದು ಹೇಗೆ ಎಂದು ಕಲಿಯಲು!

ಆ ಮೆಮೊ ಟೈಪ್ ಮಾಡಿದ್ದು ಯಾರು?

ಈ ಕೈ.

ನಾನೇ ಟೈಪ್ ಮಾಡಿದೆ. ನಾನೇ ಒಯ್ದು ಕೊಟ್ಟೆ. ಕೊಟ್ಟಿದ್ದಕ್ಕೆ ಸಹಿಯನ್ನೂ ತೆಗೆದುಕೊಂಡೆ. ಇಪ್ಪತ್ತಾರು ವರ್ಷ ಒಟ್ಟಿಗೆ ಬುತ್ತಿ ಬಿಚ್ಚಿದ ಹೆಂಗಸನ್ನು ಇದು ನಿಜವೇ ಎಂದು ಒಂದು ಮಾತು ಕೇಳಲಿಲ್ಲ. ಕಾಗದಕ್ಕೆ ಸೀಲು ಬಿದ್ದಿದೆ ಎಂದರೆ ನಿಜವೇ ಇರಬೇಕು ಅಂದುಕೊಂಡೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಓದಿ ಏನೆಂದರು ಗೊತ್ತೇ?

"ನೀವ ಟೈಪ್ ಮಾಡೀರೇನ್ರೀ ಅಕ್ಕಾರ? ಒಂದೂ ಅಕ್ಷರ ತಪ್ಪಿಲ್ಲ ನೋಡ್ರೀ."

ಅಷ್ಟೇ. ಸಹಿ ಹಾಕಿದರು. ಬೆಲ್ ಹೊಡೆಯಿತು, ಲ್ಯಾಬಿಗೆ ಹೋದರು.

— ಒಂದು ನಿಮಿಷ. ನೀರು ಬೇಡ. ಇರಲಿ.

ಅವರು ಹೋದ ಮೂರನೇ ದಿನ ಬೀರು ಖಾಲಿ ಮಾಡು ಎಂದು ಮುನಿರತ್ನ ಹೇಳಿದ. ಪುಸ್ತಕಗಳನ್ನು ಕಟ್ಟುತ್ತಾ ಒಂದನ್ನು ಬಿಡಿಸಿದೆ. ಗಯಾಸ್ ಎಂಬ ಹುಡುಗ ಓದುತ್ತಿದ್ದ ವರ್ಷದ್ದು, ಒಂಬತ್ತು ವರ್ಷ ಹಳೆಯದು. ಅಳತೆಯ ಪಾಠ. ಓದುತ್ತೇನೆ, ಕೇಳಿ: "ಬಿಂದಿಗೆಗೆ ಎಷ್ಟು ಬಾಟಲಿ ನೀರು ಹಿಡಿಯುತ್ತದೆ ಎಂದು ಮಕ್ಕಳು ಮೊದಲು ಊಹಿಸಲಿ. ಬೋರ್ಡಿನ ಮೇಲೆ ಎಲ್ಲರ ಊಹೆ ಬರೆಯಬೇಕು. ಆಮೇಲೆ ಅಳೆಯಬೇಕು. ತಪ್ಪು ಊಹಿಸಿದವರಿಂದಲೇ ಕೊನೆಯ ಬಾಟಲಿ ಸುರಿಸಬೇಕು. ಗಯಾಸ್‌ಗೆ ಎಡಗಿವಿ ಕೇಳಿಸುವುದಿಲ್ಲ, ಅವನ ಬಲಕ್ಕೆ ನಿಂತು ಹೇಳಬೇಕು."

ಪುಟ ತಿರುವಿದೆ. ಮುಂದಿನ ಪಾಠದ ಕೆಳಗೂ ಅದೇ ಸಾಲು. ಅದರ ಮುಂದಿನದಕ್ಕೂ. ಎಲ್ಲಿ ಮರೆತುಬಿಡುತ್ತೇನೋ ಎಂದು, ಅವನು ಒಂದೊಂದೇ ಕ್ಲಾಸು ದಾಟಿದ ಅಷ್ಟೂ ವರ್ಷದ ಪುಸ್ತಕಗಳಲ್ಲಿ ಪ್ರತಿ ಪಾಠದ ಕೆಳಗೂ ಬರೆದುಕೊಂಡಿದ್ದಾರೆ.

ಕಂಪ್ಯೂಟರ್ ಕಲಿಸುವ ಸರ್ಫರಾಜನನ್ನು ಕರೆದೆ. ಟೀಚರ್ ತುಂಬಿದ ಪಾಠಗಳನ್ನು ಮನೆಯವರಿಗೆ ಕೊಡಬೇಕು, ಪ್ರಿಂಟ್ ತೆಗಿಯಪ್ಪ ಎಂದೆ. ಹುಡುಕಲು ಏನು ಒತ್ತಲಿ ಎಂದ. ನನಗೆ ಆ ಹೆಸರೇ ಬಾಯಿಗೆ ಬಂತು. ಗಯಾಸ್ ಅಂತ ಒತ್ತು ಎಂದೆ.

ಒತ್ತಿದ. ಹನ್ನೆರಡು ಜನರ ಹೆಸರು ಬಂತು.

ಒಂದು ದಾಕ್ಷಾಯಣಿ, ಕೆಂಪು. ಹನ್ನೊಂದು ಬೇರೆಯವರು, ಹಸಿರು. ಎರಡನೇ ಕ್ಲಾಸಿನಲ್ಲಿ ಗಯಾಸ್. ಐದನೇ ಕ್ಲಾಸಿನಲ್ಲಿ ಗಯಾಸ್. ಏಳನೇ ಕ್ಲಾಸಿನಲ್ಲೂ ಗಯಾಸ್. ಈ ವರ್ಷ ಇಡೀ ಶಾಲೆಯ ಹಾಜರಿ ಪುಸ್ತಕದಲ್ಲಿ ಆ ಹೆಸರಿನ ಒಂದು ಮಗುವೂ ಇಲ್ಲ! ನಗಬೇಡಿ, ಹಿಂದಿನ ಸಾಲಿನವರೇ. ಒಬ್ಬರಂತೂ ಆ ಸಾಲನ್ನು ಇಂಗ್ಲಿಷಿಗೆ ತಿರುಗಿಸಿ ಹಾಕಿದ್ದಾರೆ. ಪಾಪ, ಆ ಹುಡುಗನಿಗೆ ಇಂಗ್ಲಿಷಿನಲ್ಲೂ ಎಡಗಿವಿ ಕೇಳಿಸುವುದಿಲ್ಲ. ಬರೆಯುವುದು ಹೋಗಲಿ — ಹಾಕುವ ಮೊದಲು ಒಂದು ಸಲ ಓದಲೂ ಇಲ್ಲವಲ್ಲ ನೀವು!

ಸರ್ಫರಾಜ್ ತಲೆ ತಗ್ಗಿಸಿದ. "ಅಮ್ಮಾ, ಅದ್ರಲ್ಲಿ ಒಂದು ನಂದೇ. ಮೆಮೊ ಬಂದ ದಿನಾನೇ ಹೇಳ್ಬೇಕಿತ್ತು. ಭಯ ಆಯ್ತು" ಎಂದ. ಬೈದೆ. ಚೆನ್ನಾಗಿ ಬೈದೆ. ಆಮೇಲೆ ನನ್ನ ಬುತ್ತಿಯಿಂದ ಅವನಿಗೆ ಚಿತ್ರಾನ್ನ ಕೊಟ್ಟೆ.

ಉಳಿದವರಿಗೆ ಮೆಮೊ ಬಂದದ್ದು ಗೊತ್ತಿರಲಿಲ್ಲವೇ? ಸ್ಟಾಫ್ ರೂಮಿನಲ್ಲಿ ಅದನ್ನು ಕೈಯಿಂದ ಕೈಗೆ ದಾಟಿಸಿ ಓದಿದಿರಿ. "ಅಯ್ಯೋ ಪಾಪ" ಎಂದಿರಿ. ಅವರು ಲ್ಯಾಬಿನಲ್ಲಿ ಕೂತಿದ್ದಾಗ ಕಿಟಕಿಯ ಮುಂದೆಯೇ ನಿಮ್ಮ ಕ್ಲಾಸುಗಳಿಗೆ ಹೋದಿರಿ, ಬಂದಿರಿ.

ವಿಜಯ್ ಕುಮಾರ್ ಅವರಿಗೂ ಫೋನ್ ಮಾಡಿದ್ದೆ. "ಅಮ್ಮಾ, ಸಿಸ್ಟಮ್ ಯಾರು ಮೊದ್ಲು ಹಾಕಿದ್ರು ಅಂತ ನೋಡುತ್ತೆ, ಅಷ್ಟೇ" ಎಂದರು. ನೀವೇನು ನೋಡ್ತೀರಪ್ಪಾ ಎಂದು ಕೇಳಿದೆ. ಮೀಟಿಂಗಿನಲ್ಲಿದ್ದೇನೆ ಎಂದರು. ಮೂರು ಶನಿವಾರ ಅವರ ಎದುರಿಗೆ ಆ ಖಾಕಿ ರಟ್ಟಿನ ಪುಸ್ತಕ ಬಿಡಿಸಿಯೇ ಇತ್ತು. ಒಂದು ಸಲ ಬಗ್ಗಿ ನೋಡಿದ್ದರೆ ಸಾಕಿತ್ತು.

ನನಗೆ ಸಿಟ್ಟು ದಾಕ್ಷಾಯಣಿ ಮೇಲೂ ಇದೆ. ಅವರ ಫೋಟೋದ ಮುಂದೆಯೇ ಹೇಳುತ್ತೇನೆ. ಕೊನೆಯ ಪುಸ್ತಕದಲ್ಲಿ ಮೆಮೊಗೆ ಉತ್ತರ ಶುರುಮಾಡಿದ್ದಾರೆ. "ಮಾನ್ಯರೇ, ಈ ಪಾಠಗಳು ನನ್ನವೇ. ಆದರೆ" — ಆಮೇಲೆ ಏನೂ ಇಲ್ಲ. ಆದರೆ ಏನು ದಾಕ್ಷಾಯಣಿ? ನಿನ್ನವೇ ಎಂದು ಬರೆದರೆ ಉಳಿದ ಹನ್ನೊಂದು ಜನಕ್ಕೆ ಮೆಮೊ ಬರುತ್ತದೆ ಎಂದೇ ತಾನೇ? ಬರಲಿ ಬಿಡು ಎನ್ನುತ್ತಿದ್ದೆ ನಾನು. ಆಫೀಸಿಗೂ ಸ್ಟಾಫ್ ರೂಮಿಗೂ ನಡುವೆ ಇರುವುದು ಒಂದು ಗೋಡೆ. ಬಂದು ನನಗೆ ಹೇಳಬಾರದಿತ್ತೇ? — ಹೇಗೆ ಹೇಳುತ್ತೀಯ. ಮೆಮೊ ತಂದುಕೊಟ್ಟವಳೇ ನಾನು.

ಮುನಿರತ್ನ, ಎದ್ದು ಬಾ. ಇದು ಮೆಮೊ ಹಿಂಪಡೆಯುವ ಪತ್ರ. "ಸದರಿ ಪಾಠ ಯೋಜನೆಗಳು ಶ್ರೀಮತಿ ದಾಕ್ಷಾಯಣಿಯವರ ಸ್ವಂತ ರಚನೆಗಳು, ಮೆಮೊ ನೀಡಿದ್ದು ಆಡಳಿತದ ತಪ್ಪು." ನಾನೇ ಟೈಪ್ ಮಾಡಿದ್ದೇನೆ, ಇದರಲ್ಲೂ ಅಕ್ಷರ ತಪ್ಪಿಲ್ಲ. ಪೆನ್ ಇದೆ. — ಕಮಿಟಿಯನ್ನು ಕೇಳಬೇಕೇ? ಮೆಮೊ ಕೊಡುವಾಗ ಕೇಳಿದ್ದೆಯಾ? — ಹಾಕು. — ದಿನಾಂಕ ಹಾಕು. — ಸೀಲು ನನ್ನ ಚೀಲದಲ್ಲಿದೆ.

ಪದ್ಮಶ್ರೀ, ಇಗೋ ಫೈಲು. ಈಗ ತೆಗೆದುಕೋ. ನಿನ್ನ ಅಮ್ಮನ ಫೈಲಿನಲ್ಲಿ ಕೊನೆಯ ಕಾಗದ ಇದು.

ಇನ್ನು ಮೌನಾಚರಣೆ. ಅದಕ್ಕೆ ಮೊದಲು ಒಂದು ಕೆಲಸ ಉಳಿದಿದೆ. ಹನ್ನೊಂದು ಜನ ಈ ಹಾಲಿನಲ್ಲೇ ಇದ್ದೀರಿ. ಹೆಸರು ಓದುವುದಿಲ್ಲ. ದಾಕ್ಷಾಯಣಿ ಟೀಚರ್ ಪುಸ್ತಕದಿಂದ ಪಾಠ ತೆಗೆದು, ಮೆಮೊ ಬಂದ ಮೇಲೂ ಬಾಯಿ ಬಿಡದವರು ಮೊದಲು ಎದ್ದು ನಿಲ್ಲಿ. ನಾನಾಗಲೇ ನಿಂತಿದ್ದೇನೆ, ನೀವು ಒಬ್ಬರೇ ಆಗುವುದಿಲ್ಲ.

ಸರ್ಫರಾಜ್. — ಹೂಂ. — ಇಬ್ಬರು. — ನಾಲ್ಕು. — ಏಳು. — ಅಳಬೇಡಮ್ಮ, ನಿಂತುಕೋ ಸಾಕು. — ಒಂಬತ್ತು. — ಹತ್ತು.

ಹತ್ತು.

ಕಾಯುತ್ತೇನೆ.

ಆಗಲಿ. ಹನ್ನೊಂದನೆಯವರು ಎಲ್ಲರಿಗಿಂತ ಮೊದಲು ನಲವತ್ತು ತುಂಬಿ ಶಾಲು ಹೊದ್ದವರು. ನಿಮಗೂ ಗೊತ್ತು, ನನಗೂ ಗೊತ್ತು. ಈಗ ನಾನು ಎಲ್ಲರನ್ನೂ ಏಳಿಸುತ್ತೇನೆ. ಎಲ್ಲರ ಜೊತೆ ನೀವೂ ಎದ್ದುಬಿಡಬಹುದು, ಯಾರಿಗೂ ತಿಳಿಯುವುದಿಲ್ಲ. ಆಮೇಲೆ ಊಟವಿದೆ. ನಿಮಗೂ ನಾನೇ ಬಡಿಸುತ್ತೇನೆ.

ಎಲ್ಲರೂ ಎದ್ದು ನಿಲ್ಲಿ. ಫೋಟೋ ಕಡೆ ನೋಡಿ. ನಾನು ಸಾಕು ಎನ್ನುವವರೆಗೆ ಯಾರೂ ಕೂರುವಂತಿಲ್ಲ.